ಒಳಗಿನ ಅಕ್ಷರ, ಹೊರಗಿನ ಅಕ್ಷರ

ಕುದುರೆಯ ವಾಸನೆ ಗೋಡೆ ಬಿಟ್ಟು ಹೋಗುವುದಿಲ್ಲ. ಸುಣ್ಣ ಬಳಿಯಿರಿ, ನೆಲ ಸಾರಿಸಿ, ಲೋಬಾನದ ಹೊಗೆ ಹಾಕಿ. ಮಳೆಗಾಲದ ಮೊದಲ ತೇವಕ್ಕೇ ಅದು ಮತ್ತೆ ಹೊರಗೆ ಬಂದು ನಿಲ್ಲುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಪುಣೆಯ ಹಳೆಯ ಪೇಠೆಯೊಂದರ ದೊಡ್ಡ ವಾಡೆ ಮನೆಯಲ್ಲಿ, ಹಿಂದೆ ಕುದುರೆ ಕಟ್ಟುತ್ತಿದ್ದ ಕೋಣೆಯಲ್ಲಿ, ನಾನು ಕನ್ನಡ ಸಾಲಿ ನಡೆಸಿದವಳು. ಈಗಲೂ ಪಕ್ಕದಲ್ಲಿ ಟಾಂಗಾ ಹಾದುಹೋದರೆ ಉಳಿದವರು ಮೂಗಿಗೆ ಸೆರಗು ಹಿಡಿಯುತ್ತಾರೆ. ನನಗೆ ಮಾತ್ರ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವುದು ಕೇಳಿಸುತ್ತದೆ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಮದುವೆಗೆ ಮುಂಚೆ ನಾನು ಧಾರವಾಡದಲ್ಲಿ ಕಲಿಸುವ ತರಬೇತಿ ಮುಗಿಸಿ, ಹುಡುಗಿಯರ ಸಾಲಿಯೊಂದರಲ್ಲಿ ಒಂದು ವರ್ಷ ಕೆಲಸ ಮಾಡಿದ್ದೆ. ಮದುವೆಯಾಗಿ ಪುಣೆಗೆ ಬಂದ ಮೇಲೆ ನನ್ನ ವಿದ್ಯೆಯೆಲ್ಲ ಬೇಳೆ ಬೆಂದಿದೆಯೋ ಇಲ್ಲವೋ ನೋಡುವುದಕ್ಕೆ ಬಂದು ನಿಂತಿತ್ತು. ನಮ್ಮವರು ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಕಚೇರಿಯಲ್ಲಿ ಕಾರಕೂನರು. ಬೆಳಿಗ್ಗೆ ಸೈಕಲ್ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಇಳಿಯುವವರು. ದಿನವಿಡೀ ಮನೆಯಲ್ಲಿ ಇರುತ್ತಿದ್ದದ್ದು ನಾನು ಮತ್ತು ನನ್ನ ಅತ್ತೆ.

ಅತ್ತೆ ಮಡಿ ಹೆಂಗಸು. ಮಾವನವರು ಹೋಗಿ ಬಹಳ ವರ್ಷಗಳಾಗಿದ್ದವು. ಉಡಲು ಕೆಂಪು ಸೀರೆ, ತಲೆಯ ಮೇಲೆ ಸೆರಗು, ನಾಲಿಗೆಯ ತುದಿಯಲ್ಲಿ ಸದಾ ಒಂದು ತಕರಾರು. ಹೊರಗಿನಿಂದ ಬಂದ ಯಾವ ಬಟ್ಟೆಯನ್ನೂ ನೀರಿಗೆ ಹಾಕದೆ ಮನೆಯೊಳಗೆ ಬಿಡುತ್ತಿರಲಿಲ್ಲ. ಓದುಬರಹ ಅವರಿಗೆ ಯಾರೂ ಕಲಿಸಿರಲಿಲ್ಲ. ಆದರೆ ಸೂಜಿ ಹಿಡಿದರೆ ಅವರ ಮುಖವೇ ಬೇರೆಯಾಗುತ್ತಿತ್ತು. ನಮ್ಮ ಕಡೆಯ ಕಸೂತಿಯಲ್ಲಿ ಗಂಟು ಹಾಕುವ ಹಾಗಿಲ್ಲ. ದಾರ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬಬೇಕು. ಕೊನೆಗೆ ಬಟ್ಟೆಯ ಯಾವ ಬದಿ ಮೇಲೆ, ಯಾವ ಬದಿ ಕೆಳಗೆ ಎಂದು ಹೊಲಿದವಳಿಗೂ ತಿಳಿಯಬಾರದು. ಅತ್ತೆ ಇದನ್ನು ಧರ್ಮದ ಹಾಗೆ ಪಾಲಿಸುತ್ತಿದ್ದರು. ಓಣಿಯ ಯಾರಾದರೂ ತಾವು ಹಾಕಿದ ಗೋಪುರವನ್ನೋ ಗಿಳಿಯನ್ನೋ ತಂದು ತೋರಿಸಿದರೆ, ಇವರು ಮೊದಲು ಅದನ್ನು ಮಗುಚಿ ನೋಡಿ, "ಬೆನ್ನ ಕಾಣತದವಾ" ಎಂದು ವಾಪಸು ಕೊಡುತ್ತಿದ್ದರು. ಬಂದವಳ ಮುಖ ಸಣ್ಣಗಾಗುತ್ತಿತ್ತು.

ಆ ಪೇಠೆಯ ಸುತ್ತಮುತ್ತ ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಮನೆಗಳು ಸಾಕಷ್ಟಿದ್ದವು. ಬಟ್ಟೆ ಅಂಗಡಿಯವರು, ಗುಮಾಸ್ತರು, ನಮ್ಮವರಂಥ ಕಾರಕೂನರು. ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಿದ್ದವು, ಹೊಸ್ತಿಲು ದಾಟಿದರೆ ಮರಾಠಿ. ಓದುವುದಂತೂ ಮರಾಠಿಯೇ. ಊರಿಗೆ ಹೋದಾಗ ಅಜ್ಜನ ಮನೆಯ ಗೋಡೆಗೆ ಬರೆದ ನಾಲ್ಕು ಅಕ್ಷರ ಓದಲು ಬರುವುದಿಲ್ಲವಲ್ಲ ಎಂದು ಗಂಡಸರಿಗೆ ಒಂದು ಗಣಪತಿ ಹಬ್ಬದಲ್ಲಿ ಇದ್ದಕ್ಕಿದ್ದಂತೆ ಸಂಕಟವಾಯಿತು. ಭಾಷಣಗಳಾದವು. ಪುಟ್ಟ ಮಕ್ಕಳಿಗೆ ಸಂಜೆ ಹೊತ್ತು ಕನ್ನಡ ಕಲಿಸಬೇಕೆಂದು ನಿಶ್ಚಯವಾಯಿತು. ತರಬೇತಿ ಆದವಳು ನಾನೊಬ್ಬಳೇ ಎಂದು ಯಾರಿಗೋ ನೆನಪಾಯಿತು. ಗಂಡಸರ ಸಂಕಟ ಅಲ್ಲಿಗೆ ಇಳಿಯಿತು. ಒಂದು ಕರಿ ಹಲಗೆ, ಕೈ ಮುರಿದ ಒಂದು ಕುರ್ಚಿ ಕಳಿಸಿ ಕೈ ತೊಳೆದುಕೊಂಡರು.

ನಾನು ಒಪ್ಪಿಕೊಂಡೆ ಅನ್ನುವುದು ಸಣ್ಣ ಮಾತು. ಬಾಯಾರಿದವಳ ಮುಂದೆ ತಂಬಿಗೆ ಹಿಡಿದ ಹಾಗಾಗಿತ್ತು ನನಗೆ. ಆದರೆ ನಮ್ಮವರು ಊಟದ ಎಲೆಯ ಮುಂದೆ ವಿಷಯ ಎತ್ತಿದಾಗ ಅತ್ತೆ ಬಡಿಸುತ್ತಿದ್ದ ಕೈ ನಿಲ್ಲಿಸಿದರು.

"ಮನಿ ಸೊಸಿ ಕುದುರಿ ಕಟ್ಟೂ ಜಾಗಾದಾಗ ಕೂತು ಮಂದಿ ಮಕ್ಕಳಿಗೆ ಕಲಸೂದೇನ?"

ನಮ್ಮವರು ತಲೆ ಬಗ್ಗಿಸಿ ಅನ್ನ ಕಲಸಿಕೊಂಡರು. ಧೈರ್ಯದಲ್ಲಿ ಅವರು ಖಡಕಿಯ ಕಾರ್ಖಾನೆಯವರೆಂದು ಯಾರೂ ಹೇಳುವ ಹಾಗಿರಲಿಲ್ಲ. ನಾನೇ ಬಾಯಿ ಬಿಟ್ಟೆ.

"ಅತ್ಯಾ, ಮನಿ ಕೆಲಸಾ ಒಂದೂ ನಿಂದರಂಗಿಲ್ಲರಿ. ಸಂಜೀಕ ಒಂದು ತಾಸಿನ ಮಾತು."

ಅವರು ಸಾರಿನ ಪಾತ್ರೆ ಕೆಳಗಿಟ್ಟರು. ಆಮೇಲೆ ಹೇಳಿದರು: "ಸಂಕ್ರಮಣದ ತನಕ ನೋಡ್ತೀನಿ. ಮಂದಿ ನಕ್ಕರ, ಹುಡುಗರು ಬರಲಿಲ್ಲಂದ್ರ, ಸಂಕ್ರಮಣಕ್ಕ ಬಿಡಬೇಕು. ಆಮ್ಯಾಲೆ ಆ ಮಾತ ಎತ್ತಬಾರದು. ನಾ ಅಂತೂ ಆ ಕೊಟಗಿಯೊಳಗ ಕಾಲಿಡಾಕಿ ಅಲ್ಲ."

ಹೀಗೆ ನನ್ನ ಸಾಲಿಗೆ ಹುಟ್ಟುವ ಮೊದಲೇ ಆಯುಷ್ಯ ನಿಗದಿಯಾಯಿತು.

ಕೋಣೆ ಕೊಟ್ಟವರು ವಾಡೆಯ ಒಡತಿ, ದೊಡ್ಡ ನತ್ತಿನ ಮರಾಠಿ ಮುದುಕಿ. ಅವರ ಮನೆಯ ಗಾಡಿ ಕುದುರೆ ಮಾರಿ ಕೆಲವು ವರ್ಷವಾಗಿತ್ತು. ಬೀಗ ತೆಗೆದು ತೋರಿಸಿದಾಗ ನಾನು ಹೊಸ್ತಿಲಲ್ಲೇ ನಿಂತೆ. ಒಂದೇ ಬಾಗಿಲು, ಮೇಲೆ ಒಂದು ಗವಾಕ್ಷಿ. ಕಪ್ಪು ಗೋಡೆ, ಗೋಡೆಯಲ್ಲಿ ಕುದುರೆ ಕಟ್ಟುವ ಕಬ್ಬಿಣದ ಬಳೆ, ಉದ್ದಕ್ಕೂ ಮೇವು ಹಾಕುವ ಕಲ್ಲಿನ ಗೋದಲಿ. ಇಲ್ಲಿಗೆ ಯಾವ ಮಗು ತಾನಾಗಿ ಕಾಲಿಟ್ಟೀತು? ಧಾರವಾಡದ ತರಬೇತಿಯಲ್ಲಿ ನಮಗೆ ಕಲಿಸಿದ್ದು, ಮಗುವಿಗೆ ಕೋಣೆ ಮೊದಲ ಪಾಠ ಎಂದು. ಹಾಗೆ ಕಲಿಸಿದವರು ಯಾರೂ ಗೋದಲಿಯ ಬಗ್ಗೆ ಹೇಳಿರಲಿಲ್ಲ. ಖರ್ಚಿಗೆಂದು ನನ್ನ ಕೈಯಲ್ಲಿ ಏನೂ ಇರಲಿಲ್ಲ, ಬೇಡಲು ನಾಚಿಕೆ.

ನಾಚಿಕೆಯನ್ನು ಎರಡೇ ದಿನದಲ್ಲಿ ಬಿಟ್ಟುಬಿಟ್ಟೆ. ಮನೆಮನೆಗೆ ಹೋಗಿ, ನಿಮ್ಮಲ್ಲಿ ಬಿಸಾಡುವುದು ಏನಿದೆ ಎಂದು ಕೇಳಿದೆ. ಹಾಗೆ ಕೇಳಿದರೆ ಕೊಡದವರಿಲ್ಲ. ಒಂದು ಮನೆಯಲ್ಲಿ ಸುಣ್ಣ ಬಳಿದು ಉಳಿದಿತ್ತು. ಅದಕ್ಕೆ ಧೋತರಕ್ಕೆ ಹಾಕುವ ನೀಲಿಯನ್ನು ಚಿಟಿಕೆ ಬೆರೆಸಿ ನಾನೇ ಸೆರಗು ಕಟ್ಟಿ ಗೋಡೆ ಬಳಿದೆ. ಕೆಳಗಿನ ಭಾಗಕ್ಕೆ ಕೆಮ್ಮಣ್ಣು ಬಳಿದೆ, ಮಕ್ಕಳು ಕೊಳೆ ಕೈ ಒರೆಸಿದರೂ ಕಾಣಬಾರದೆಂದು. ಗೋದಲಿಗೆ ಮಣ್ಣು ತುಂಬಿ ಅರ್ಧದಲ್ಲಿ ಚೆಂಡುಹೂವಿನ ಬೀಜ ಚೆಲ್ಲಿದೆ, ಉಳಿದರ್ಧದಲ್ಲಿ ಪಾಟಿಗಳನ್ನು ನಿಲ್ಲಿಸಿದೆ. ಕುದುರೆ ಕಟ್ಟುವ ಬಳೆಗೆ ಹಳೆಯ ಪೂಜೆಯ ಗಂಟೆ ತೂಗುಹಾಕಿದೆ. ಹಳೆಯ ಸೀರೆಗಳ ಕೌದಿಗಳು ನೆಲಕ್ಕೆ ಬಂದವು. ಒಂದೊಂದು ಕೌದಿಯಲ್ಲಿ ಒಂದು ಮನೆತನದ ಸೀರೆಗಳೆಲ್ಲ ಚೂರುಚೂರಾಗಿ ಇರುತ್ತಿದ್ದವು. ಮಕ್ಕಳು ಆಮೇಲೆ ತಮ್ಮ ತಾಯಿಯ ಸೀರೆಯ ಚೂರು ಹುಡುಕಿ ಅದರ ಮೇಲೆಯೇ ಕೂರಲು ಜಗಳವಾಡುತ್ತಿದ್ದವು.

ಎಲ್ಲಕ್ಕಿಂತ ಚಂದ ಬಂದದ್ದು ಬಟ್ಟೆ ಅಂಗಡಿಯಿಂದ. ಗಿರಣಿಯ ತಾನುಗಳಿಗೆ ಆಗ ಬಣ್ಣಬಣ್ಣದ ಚಿತ್ರದ ಚೀಟಿ ಅಂಟಿಸುತ್ತಿದ್ದರು. ಆನೆ, ನವಿಲು, ಹಡಗು, ಕೊಳಲೂದುವ ಕೃಷ್ಣ. ಅಂಗಡಿಯ ಗುಮಾಸ್ತರೊಬ್ಬರು ಅವನ್ನು ನೀರು ಹಚ್ಚಿ ಬಿಡಿಸಿ ಒಂದು ಕಟ್ಟು ತಂದುಕೊಟ್ಟರು. ಗೋಧಿ ಹಿಟ್ಟಿನ ಅಂಟಿನಲ್ಲಿ ಗೋಡೆಗೆ ಸಾಲಾಗಿ ಹಚ್ಚಿದೆ. ಒಡತಿ ಮುದುಕಿ ಬಂದು ಇಣುಕಿ, "ಅಗಬಾಯಿ, ಕಿತೀ ಛಾನ!" ಎಷ್ಟು ಚಂದವೆಂದು ಕೆನ್ನೆಗೆ ಕೈ ಹಚ್ಚಿ ನಿಂತರು. ಅವರ ಕುದುರೆ ಇದ್ದಾಗ ಇಷ್ಟು ಸುಖದಲ್ಲಿರಲಿಲ್ಲವಂತೆ.

ಆದರೂ ಸಾಲಿಯಲ್ಲಿ ಮುಖ್ಯವಾದದ್ದೇ ಇರಲಿಲ್ಲ. ಗೋಡೆಯ ಮೇಲೆ ಅಕ್ಷರಮಾಲೆ ಬೇಕಿತ್ತು. ಪುಣೆಯಲ್ಲಿ ಕನ್ನಡ ಅಕ್ಷರದ ಪಟ ಎಲ್ಲಿ ಸಿಗಬೇಕು? ನಾನು ಮನೆಯಲ್ಲಿ ಇದನ್ನೇ ಗೊಣಗುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆ ಮಾತಾಡದೆ ಎದ್ದು ಹೋಗಿ ತಮ್ಮ ಟ್ರಂಕು ತೆಗೆದರು. ಬೇವಿನ ಎಲೆಯ ನಡುವಿನಿಂದ ಒಂದು ಕಪ್ಪು ಸೀರೆ ತೆಗೆದು ನನ್ನ ಮುಂದೆ ಹಾಕಿದರು.

ಅದು ಚಂದ್ರಕಾಳಿ. ಮದುವೆಯಾದ ಮೊದಲ ಸಂಕ್ರಮಣಕ್ಕೆ ನಮ್ಮ ಕಡೆ ಸೊಸೆಗೆ ಉಡಿಸುವ ಕಪ್ಪು ಸೀರೆ. ಸೆರಗಿನ ತುಂಬ ಅವರೇ ಹಾಕಿದ ಗೋಪುರ, ತೇರು, ತುಳಸಿಕಟ್ಟೆ. ಮಾವನವರು ಹೋದಾಗಿನಿಂದ ಅದಕ್ಕೆ ಗಾಳಿ ತಾಕಿರಲಿಲ್ಲ.

"ಇದನ್ನ ಕತ್ತರಸು. ಒಂದೊಂದು ಮನಿಗಿ ನಾಕು ತುಂಡು ಕೊಡು. ಅಕ್ಷರಾ ನೀ ಬರದ ಕೊಡು, ಅವರು ಕಸೂತಿ ಹಾಕ್ಲಿ. ಕೂಡಿಸಿ ಹೊಲಿಯೂದು ನಂದು."

"ಅತ್ಯಾ, ಇದನ್ನ್ಯಾಕ ಕತ್ತರಸೂದರಿ? ಬ್ಯಾರೆ ಬಟ್ಟಿ ಹುಡಕತೀನಿ."

"ಉಡೂದಂತೂ ಇಲ್ಲ. ಹುಳಾ ತಿನ್ನೂಕಿಂತ ಹುಡಗರರೆ ನೋಡ್ಲಿ" ಎಂದವರು ಕತ್ತರಿ ಅವರೇ ತೆಗೆದುಕೊಂಡರು. ಮೊದಲ ಕತ್ತರಿ ಹಾಕುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದರು. ಸೆರಗನ್ನು ಮಾತ್ರ ಇಡಿಯಾಗಿ ಉಳಿಸಿಕೊಂಡು, ಅಂಚಿಗೆ ಬರಲಿ ಎಂದರು. ಸಾಲಿ ಬೇಡ ಅನ್ನುವವರು ಸಾಲಿಗೆ ತಮ್ಮ ಚಂದ್ರಕಾಳಿ ಕೊಟ್ಟರೆ ಏನೆಂದು ತಿಳಿಯಬೇಕು?

ತುಂಡುಗಳ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದೆ. ಮನೆಮನೆಗೆ ಹಂಚಿದೆ. ನವರಾತ್ರಿ ಹತ್ತಿರ ಬರುವಷ್ಟರಲ್ಲಿ ಎಲ್ಲ ತಿರುಗಿ ಬಂದವು. ನಮ್ಮ ದುಂಡು ಅಕ್ಷರಗಳು ಕಸೂತಿಯ ನೆಟ್ಟ ಹೊಲಿಗೆಗೆ ಸಿಕ್ಕಿ ಮೂಲೆಮೂಲೆಯಾಗಿದ್ದವು. ಆದರೂ ಕಪ್ಪಿನ ಮೇಲೆ ಬಿಳಿ, ಹಳದಿ, ಕೆಂಪು ದಾರದಲ್ಲಿ ಹೊಳೆಯುತ್ತಿದ್ದವು. ಅತ್ತೆ ಅಂಗಳದಲ್ಲೇ ಕೂತು ಒಂದೊಂದನ್ನೂ ಮಗುಚಿ ನೋಡಿ, ಬೆನ್ನು ಕಂಡವನ್ನು ಬಿಚ್ಚಿ ತಾವೇ ಹೊಲಿದರು. ಅಂತೂ ಒಂದು ತುಂಡಿಗೂ ಬೆನ್ನು ಉಳಿಯಲಿಲ್ಲ. ಆಮೇಲೆ ಅವನ್ನೆಲ್ಲ ತೆಗೆದುಕೊಂಡು ಹೋಗಿ ಬಕೀಟಿನಲ್ಲಿ ನೆನೆಹಾಕಿದರು. ಹತ್ತು ಮನೆ ತಿರುಗಿ ಬಂದ ಬಟ್ಟೆ ತೊಳೆಯದೆ ಮನೆಯೊಳಗೆ ತರುವುದು ಹೇಗೆ? ನಾನು ಆಗ ಹಬ್ಬದ ಅಕ್ಕಿ ಆರಿಸುತ್ತ ಕೂತಿದ್ದೆ. ನೋಡಿದೆ, ಏನೂ ಹೊಳೆಯಲಿಲ್ಲ.

ದಸರೆಯ ಹಿಂದಿನ ದಿನ ಬೆಳಿಗ್ಗೆ ಅವರು ಹೊಲಿದು ಮುಗಿಸಿ ಅಂಗಳದ ಹಗ್ಗಕ್ಕೆ ಹಾಕಿದರು. "ಬಾ, ನೋಡು" ಎಂದು ಕರೆದರು. ಅಂಚಿಗೆ ಗೋಪುರ, ತೇರು, ನಡುವೆ ಅಕ್ಷರಗಳು. ಬಣ್ಣಕ್ಕೆ ಬಣ್ಣ ಹೊಂದಿಸಿ ಜೋಡಿಸಿದ್ದರು, ಆದ್ದರಿಂದ ಕ ಪಕ್ಕದಲ್ಲಿ ಳ ಇತ್ತು, ಅದಿರಲಿ. ಆದರೆ ಕ ತಿರುಗಿ ನಿಂತಿತ್ತು. ಗ ಸರಿಯಿತ್ತು. ಮ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಅ ಉಲ್ಟಾ. ಬ ಸರಿ. ಹೆಚ್ಚುಕಡಿಮೆ ಅರ್ಧದಷ್ಟು ಅಕ್ಷರಗಳು ಬೆನ್ನು ತಿರುಗಿಸಿ ನಿಂತಿದ್ದವು. ನನ್ನ ಸೀಮೆಸುಣ್ಣದ ಗುರುತು ತೊಳೆದುಹೋಗಿತ್ತು, ಕಸೂತಿಗೆ ಹಿಂದುಮುಂದು ಇಲ್ಲ, ಹೊಲಿದವರಿಗೆ ಅಕ್ಷರ ಬರುವುದಿಲ್ಲ.

ಸಿಟ್ಟು ನೆತ್ತಿಗೇರಿತು. ಮರುದಿನ ವಿಜಯದಶಮಿ, ಸಾಲಿಯ ಪೂಜೆ. ಊರ ಕನ್ನಡಿಗರೆಲ್ಲ ಬರುವವರು. ಅವರೆದುರು ಇದನ್ನು ಗೋಡೆಗೆ ಹಾಕಿದರೆ ಮಕ್ಕಳು ಉಲ್ಟಾ ಅಕ್ಷರ ಕಲಿಯಬೇಕು, ಗಂಡಸರು ನಗಬೇಕು. ನಕ್ಕರೆ ಸಂಕ್ರಮಣದವರೆಗೂ ಕಾಯುವ ಅಗತ್ಯವಿಲ್ಲ. ಹಾಕದಿದ್ದರೆ? ಅತ್ತೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಅಷ್ಟು ವರ್ಷದಲ್ಲಿ ನನ್ನ ಅಭಿಪ್ರಾಯಕ್ಕಾಗಿ ಅವರು ಕಾದದ್ದು ಅದೇ ಮೊದಲು. ಬೆನ್ನು ಕಾಣುತ್ತದೆ ಎಂದು ಊರಿಗೆಲ್ಲ ಹೇಳುತ್ತಿದ್ದವರಿಗೆ, ಅರ್ಧಕ್ಕರ್ಧ ಬೆನ್ನಾಗಿದೆ ಎಂದು ನಾನು ಹೇಗೆ ಹೇಳಲಿ?

"ಭಾಳ ಚಂದ ಆಗೇದರಿ" ಎಂದೆ. ಹಲ್ಲು ಕಚ್ಚಿಕೊಂಡು ಹೋಗಿ ಪಾತ್ರೆಗಳನ್ನು ತಿಕ್ಕಿದೆ. ಪಾಪ, ಆ ಹಿತ್ತಾಳೆ ಅಷ್ಟು ಹೊಳೆದದ್ದು ಮತ್ತೆಂದೂ ಇಲ್ಲ.

ಒಣಗಿದ ಬಟ್ಟೆ ತೆಗೆಯಲು ಮಧ್ಯಾಹ್ನ ಹಗ್ಗದ ಕೆಳಗೆ ನುಸುಳಿ ಆ ಕಡೆ ಹೋದೆ. ತಲೆಯೆತ್ತಿದರೆ ಎದುರಿಗೆ ಕ, ನೆಟ್ಟಗೆ. ಪಕ್ಕದಲ್ಲಿ ಅ, ಮ, ತಪ್ಪಿಲ್ಲದೆ. ಆ ಕಡೆಯಿಂದ ಸರಿಯಿದ್ದ ಗ ಈ ಕಡೆಯಿಂದ ಉಲ್ಟಾ. ಮತ್ತೆ ನುಸುಳಿ ಈಚೆ ಬಂದೆ, ಮತ್ತೆ ಆಚೆ ಹೋದೆ. ನೆರೆಮನೆಯ ಮುದುಕಿ ಮೇಲಿನ ಕಟಕಟೆಯಿಂದ ನನಗೇನಾಯಿತೆಂದು ಕೂಗಿ ಕೇಳಿದರು. ಏನೂ ಇಲ್ಲ ಎಂದು ಅಳುತ್ತ ನಗುತ್ತ ಹೇಳಿದೆ. ಬೆನ್ನಿಲ್ಲದ ಕಸೂತಿಯನ್ನು ಗೋಡೆಗೆ ಯಾಕೆ ಹಚ್ಚಬೇಕು? ಬಾಗಿಲಿಗೆ ಪರದೆ ಮಾಡಿದರೆ ಆಯಿತು.

ವಿಜಯದಶಮಿಗೆ ಬಾಗಿಲಲ್ಲಿ ಪರದೆ ತೂಗುತ್ತಿತ್ತು. ಬಂದ ಮಕ್ಕಳಿಗೆ ಹೇಳಿದೆ, ಅಕ್ಷರಗಳು ಎರಡು ಪಾಳಿಯಲ್ಲಿ ಇವೆ. ಅರ್ಧ ಹೊರಗೆ ನಿಂತು ಕರೆಯುತ್ತವೆ, ಅರ್ಧ ಒಳಗೆ ಕೂತು ಕಾಯುತ್ತವೆ. ಬೆನ್ನು ಮಾಡಿದವನ್ನು ಮಾತಾಡಿಸಬೇಡಿ, ಅವು ಆ ಕಡೆಯವರ ಜೊತೆ ಮಾತಾಡುತ್ತಿವೆ. ಮಕ್ಕಳು ಒಳಗೆ ಹೊರಗೆ ಓಡಿ ಓಡಿ ಹುಡುಕತೊಡಗಿದವು. "ಅಕ್ಕೋರ, ಲ ಸಿಕ್ತು, ಹೊರಗ ಅದ!" ಗಂಡಸರು ಇದು ಧಾರವಾಡದ ಹೊಸ ಪದ್ಧತಿಯೆಂದುಕೊಂಡು ತಲೆದೂಗಿದರು. ಅವರಲ್ಲೊಬ್ಬರು ಭಾಷಣದಲ್ಲಿ ಅದನ್ನು ಹೊಗಳಿಯೂ ಬಿಟ್ಟರು.

ಅತ್ತೆ ಮಾತ್ರ ಒಳಗೆ ಬರಲಿಲ್ಲ. ಹೊರಗೆ ಕಟ್ಟೆಯ ತುದಿಯಲ್ಲಿ ಸೆರಗು ಹೊದ್ದು ಕೂತಿದ್ದರು. "ಗ್ವಾಡಿಗಿ ಅಂದಿದ್ದಿ, ಬಾಗಲಿಗಿ ಯಾಕ ಹಾಕಿದಿ?" ಎಂದು ಮನೆಗೆ ಹೋಗುವಾಗ ಕೇಳಿದರು. "ಬರೂ ಮಂದಿಗೆಲ್ಲ ಕಾಣಲಿ ಅಂತರಿ" ಎಂದೆ. ಹ್ಞೂಂ ಎಂದರು. ಆ ಹ್ಞೂಂನಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ಮರುದಿನದಿಂದ ಸಂಜೆ ನನ್ನನ್ನು ಕರೆದೊಯ್ಯಲು ಬರತೊಡಗಿದರು. ಮನೆಯ ಸೊಸೆ ದೀಪ ಹಚ್ಚುವ ಹೊತ್ತಿಗೆ ಒಬ್ಬಳೇ ನಡೆದು ಬರಬಾರದಂತೆ. ಸಾಲಿ ಬಿಡುವ ಹೊತ್ತಿಗೆ ಬಂದರೆ ಸಾಕಿತ್ತು. ಆದರೆ ಸಾಲಿ ಕೂಡುವ ಹೊತ್ತಿಗೇ ಬಂದು ಕಟ್ಟೆಯ ಮೇಲೆ ಜಪಮಾಲೆ ಹಿಡಿದು ಕೂರುತ್ತಿದ್ದರು. ಕಾವಲಿಗೆ ಕೂತಿದ್ದಾರೆ, ಸಂಕ್ರಮಣಕ್ಕೆ ನನ್ನ ತಪ್ಪುಗಳನ್ನು ಕೂಡಿಹಾಕುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಅವರ ಜೊತೆಗೆ ಕಟ್ಟೆಯ ಮೇಲೆ ಇನ್ನೊಬ್ಬಳು ಕೂರುತ್ತಿದ್ದಳು. ಬಟ್ಟೆ ಅಂಗಡಿ ಗುಮಾಸ್ತರ ಕಿರಿಯ ಮಗಳು, ಇನ್ನೂ ಹಾಲುಹಲ್ಲು ಬಿದ್ದಿರದ ಹುಡುಗಿ. ಏನು ಮಾಡಿದರೂ ಒಳಗೆ ಬರಲೊಲ್ಲಳು.

"ಒಳಗ ಕುದುರಿ ಅದ" ಅನ್ನುತ್ತಿದ್ದಳು.

"ಇಲ್ಲವಾ, ಕುದುರಿ ಮಾರ್ಯಾರ."

"ಮತ್ತ ವಾಸನಿ ಬರತದಲ್ಲ?"

ಅವಳನ್ನು ಕಟ್ಟೆಯ ಮೇಲೇ ಕೂರಲು ಬಿಟ್ಟೆ. ಬಲವಂತ ಮಾಡಲಿಲ್ಲ. ಅವಳು ಅತ್ತೆಗೆ ಅಂಟಿಕೊಂಡು ಕೂತು, ಒಳಗಿನ ಮಕ್ಕಳು ಕೂಗಿದ ಹಾಗೆ ತಾನೂ ಕೂಗುತ್ತ, ಪರದೆಯ ಹೊರಗಿನ ಅಕ್ಷರಗಳಿಗೆ ಒಂದೊಂದಾಗಿ ಬೆರಳು ತೋರಿಸುತ್ತಿದ್ದಳು. ಅತ್ತೆ ಜಪ ಮಾಡುತ್ತಿದ್ದರು. ಹಾಗೆಂದು ನಾನು ತಿಳಿದಿದ್ದೆ.

ಕಾರ್ತಿಕ ಕಳೆದು ಚಳಿ ಬಿತ್ತು. ಗೋದಲಿಯಲ್ಲಿ ಚೆಂಡುಹೂ ಅರಳಿದವು. ಒಂದು ದಿನ ಆ ಹುಡುಗಿ ಹೊರಗಿನ ಅಕ್ಷರ ಮುಗಿದವೆಂದು ಹೇಳಿ, ಕುದುರೆ ಇದ್ದರೂ ಇರಲಿ ಎಂದು ಪರದೆ ಎತ್ತಿ ಒಳಗೆ ಬಂದಳು. ಗೋದಲಿಯೊಳಗೆ ಬಗ್ಗಿ ನೋಡಿ, ಹೂ ಕಂಡು, ತನ್ನ ತಾಯಿಯ ಸೀರೆಯ ಚೂರಿನ ಮೇಲೆ ಕೂತಳು. ಆಗಾಗ ಎದ್ದು ಹೊರಗೆ ಹೋಗಿ ಅಜ್ಜಿಗೆ ಒಳಗಿನ ಸುದ್ದಿ ಹೇಳಿ ಬರುತ್ತಿದ್ದಳು. ಅತ್ತೆ ಕಟ್ಟೆಯ ಮೇಲೆ ಒಬ್ಬರೇ ಆದರು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ನಾನು ನೀರು ಹೊತ್ತು ಅಡುಗೆಮನೆಗೆ ಬಂದೆ. ಅತ್ತೆ ರೊಟ್ಟಿಗೆ ಜೋಳದ ಹಿಟ್ಟು ಸಾಣಿಸಿ ಪರಾತದಲ್ಲಿ ಹರವಿಕೊಂಡಿದ್ದರು. ಹಿಟ್ಟಿನ ಮೇಲೆ ಅವರ ತೋರುಬೆರಳು ನಿಧಾನವಾಗಿ ಓಡುತ್ತಿತ್ತು. ಗ. ಅದರ ಮುಂದೆ ಬ. ಕಸೂತಿಯಲ್ಲಿದ್ದ ಹಾಗೆಯೇ ಮೂಲೆಮೂಲೆಯಾಗಿ. ನನ್ನ ಕಾಲ ಸಪ್ಪಳ ಕೇಳಿದ ಕೂಡಲೇ ಅಂಗೈಯಿಂದ ಒರೆಸಿ, "ಬಾಗಲದಾಗ ಯಾಕ ನಿಂತಿ, ಎಸರಿಡು" ಎಂದು ಗದರಿದರು.

ಎಸರಿಟ್ಟೆ. ಆಮೇಲೆ ಕಳ್ಳಬೆಕ್ಕಿನ ಹಾಗೆ ಕಾದು ನೋಡಿದೆ. ಹಿಟ್ಟಿನ ಮೇಲೆ, ಬೂದಿಯ ಮೇಲೆ, ಒದ್ದೆ ಕಲ್ಲಿನ ಮೇಲೆ ಅವರು ಬರೆಯುತ್ತಿದ್ದರು. ಬರೆದದ್ದೆಲ್ಲ ಹೊರಗಿನ ಅಕ್ಷರ. ಒಳಗಿನದು ಒಂದೂ ಇರಲಿಲ್ಲ. ಅವರ ಹೆಸರಿನ ಮೊದಲ ಅಕ್ಷರ ಒಳಗಿತ್ತು.

ಹೇಳಿಬಿಡಲೇ? ಮನೆಯಲ್ಲೇ ಪಾಟಿ ಕೊಟ್ಟು ಕಲಿಸಲೇ? ಬಾಯಿ ತುದಿಗೆ ಎಷ್ಟೋ ಸಲ ಬಂತು. ಆದರೆ ಒರೆಸಿದ ಆ ಅಂಗೈ ನೆನಪಾಗಿ ಸುಮ್ಮನಾಗುತ್ತಿದ್ದೆ. ಅವರು ಯಾಕೆ ಒಳಗೆ ಬರುವುದಿಲ್ಲ ಎನ್ನುವುದೂ ನಿಧಾನಕ್ಕೆ ತಿಳಿಯುತ್ತಿತ್ತು. ಕುದುರೆಯ ವಾಸನೆಯ ಮಾತು ಬರೀ ನೆಪ. ಯಾವ ಮನೆಯ ಯಾವ ಶುಭಕಾರ್ಯದಲ್ಲೂ ಅವರು ಒಳಗೆ ಬಂದು ನಡುವೆ ಕೂತದ್ದನ್ನು ನಾನು ಕಂಡಿರಲಿಲ್ಲ. ಯಾರೂ ಬನ್ನಿ ಎಂದು ಕರೆದದ್ದನ್ನೂ ಕೇಳಿರಲಿಲ್ಲ. ಕಟ್ಟೆಯ ತುದಿ ಅವರಿಗೆ ಅಭ್ಯಾಸವಾದ ಜಾಗ.

ಸಂಕ್ರಮಣ ಬಂತು. ಕೋಣೆ ತುಂಬ ಮಕ್ಕಳು ಬರುತ್ತಿದ್ದವು, ಯಾರೂ ನಕ್ಕಿರಲಿಲ್ಲ. ಆದರೆ ಅತ್ತೆಯ ಮಾತು ಅತ್ತೆಯದು, ಅದನ್ನು ಬದಲಾಯಿಸುವ ಅಧಿಕಾರ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕುಸುರೆಳ್ಳು ಕಟ್ಟಿಕೊಂಡು ಸಾಲಿಗೆ ಹೋದೆ. ಅತ್ತೆ ಎಂದಿನಂತೆ ನನ್ನ ಹಿಂದೆಯೇ ಬಂದು ಕಟ್ಟೆಯ ಮೇಲೆ ಕೂತರು. ಮಕ್ಕಳಿಗೆ ಎಳ್ಳು ಹಂಚಿದೆ. ಚಿತ್ರದ ಚೀಟಿಗಳನ್ನು, ಗಂಟೆಯನ್ನು, ಹೂವನ್ನು ಒಂದೊಂದಾಗಿ ನೋಡಿದೆ. ಇದನ್ನೆಲ್ಲ ಬಿಟ್ಟು ನಾಳೆಯಿಂದ ನಾನು ಹೇಗೆ ಇರಲಿ ಎನ್ನಿಸಿ ಕಣ್ಣು ತುಂಬಿತು.

ಗುಮಾಸ್ತರ ಮಗಳು ಅಜ್ಜಿಗೆ ಎಳ್ಳು ಕೊಡಲು ಹೊರಗೆ ಓಡಿದಳು. ಪರದೆಯಾಚೆಯಿಂದ ಅವಳ ಧ್ವನಿ ಕೇಳಿಸಿತು.

"ಅಜ್ಜಿ, ನಿನ್ನ ಹೆಸರಿನ ಅಕ್ಷರ ಒಳಗ ಅದ. ನಾ ಎಷ್ಟು ಸಲ ಹೇಳ್ಲಿ? ಬಾ ಅಂದ್ರ ಬಾ."

ಜಪಮಾಲೆ ಕಟ್ಟೆಯ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ಪರದೆ ಸರಿಯಿತು. ಹುಡುಗಿ ಮುಂದೆ, ಅವಳ ಕೈಯಲ್ಲಿ ಬೆರಳು ಕೊಟ್ಟು ಅತ್ತೆ ಹಿಂದೆ. ಹೊಸ್ತಿಲ ಮೇಲೆ ಒಂದು ಕ್ಷಣ ನಿಂತು, ಸೆರಗು ಬಿಗಿ ಮಾಡಿಕೊಂಡು, ಒಳಗೆ ಕಾಲಿಟ್ಟರು. ಮಕ್ಕಳೆಲ್ಲ ಎದ್ದು ನಿಂತವು.

ಅವರು ತಿರುಗಿ ಪರದೆಯನ್ನು ಒಳಗಿನಿಂದ ನೋಡಿದರು. ಹುಡುಗಿ ತೋರಿಸಿದ ಅಕ್ಷರವನ್ನು ಮುಟ್ಟಿದರು. ಆಮೇಲೆ ಬೆರಳು ಪಕ್ಕದ ಗ ಮೇಲೆ ಹೋಗಿ ನಿಂತಿತು. ಅವರಿಗೆ ಗೊತ್ತಿದ್ದ ಗ, ಈ ಕಡೆಯಿಂದ ಉಲ್ಟಾ. ಪರದೆಯ ಅಂಚನ್ನು ಎತ್ತಿ ಹೊರಗಿನ ಬದಿ ನೋಡಿದರು, ಮತ್ತೆ ಒಳಗಿನ ಬದಿ. ಸಾಲು ಸಾಲಾಗಿ ಬೆರಳು ಹೋಯಿತು. ಅವರ ಮುಖ ಕೆಂಪಾಯಿತು. ಓಣಿಯವರ ಕಸೂತಿಯನ್ನು ಮಗುಚಿ ನೋಡುತ್ತಿದ್ದ ಅದೇ ಕಣ್ಣು.

"ತಿರಗಾಮುರಗಾ ಹೊಲದೀನಿ" ಎಂದರು, ಬಹಳ ಮೆಲ್ಲಗೆ. "ನಿನಗ ಆವತ್ತ ಗೊತ್ತಾಗಿತ್ತು."

"ಹೌದ್ರಿ."

"ಹೇಳಲಿಲ್ಲ ಯಾಕ? ಬಿಚ್ಚಿ ಹೊಲದು ಕೊಡ್ತಿದ್ದೆ."

"ಸರಿ ಇದ್ದಿದ್ರ ಎಲ್ಲಾ ಅಕ್ಷರಾ ಒಳಗಿನ ಗ್ವಾಡಿ ಮ್ಯಾಲ ಇರತಿದ್ದೂ ಅತ್ಯಾ" ಎಂದೆ. "ಕಟ್ಟಿ ಮ್ಯಾಲೆ ಕೂತವರಿಗೆ ಒಂದೂ ಕಾಣತಿದ್ದಿಲ್ಲ."

ಅವರು ನನ್ನ ಕಡೆ ತಿರುಗಲಿಲ್ಲ. ಪರದೆಯ ಕಡೆಗೇ ನೋಡುತ್ತ ನಿಂತಿದ್ದರು. ಈಗ ಬೈಯುತ್ತಾರೆ, ಈಗ ಸಂಕ್ರಮಣದ ಮಾತು ತೆಗೆಯುತ್ತಾರೆ ಎಂದು ನಾನು ಕಾದಿದ್ದೆ. ಅವರು ಕೌದಿಗಳನ್ನು ಒಂದೊಂದಾಗಿ ನೋಡಿ, ನಮ್ಮ ಮನೆಯದನ್ನು ಗುರುತು ಹಿಡಿದು, ಮಕ್ಕಳ ನಡುವೆ ಮಂಡಿ ಮಡಚಿ ಕೂತರು. ಗೋದಲಿಯಿಂದ ಒಂದು ಪಾಟಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಹುಡುಗಿ ತನ್ನ ಬಳಪ ಮುರಿದು ಅರ್ಧ ಕೊಟ್ಟಳು.

"ಹೊರಗಿನವು ಬಂದಾವ" ಎಂದರು ಅತ್ತೆ. "ಒಳಗಿನವು ಹೇಳು."

ನಾನು ಹಲಗೆಯ ಕಡೆ ತಿರುಗಿ ಅವರ ಹೆಸರಿನ ಮೊದಲ ಅಕ್ಷರ ಬರೆದೆ. ಕಣ್ಣೀರಿನಲ್ಲಿ ಅದು ವಕ್ರವಾಯಿತು, ಒರೆಸಿ ಮತ್ತೆ ಬರೆದೆ. ಹಿಂದಿನಿಂದ ಮಕ್ಕಳ ಧ್ವನಿಯ ನಡುವೆ ಒಂದು ದಪ್ಪ ಧ್ವನಿ, ಸ್ವಲ್ಪ ತಡವಾಗಿ, ಅದನ್ನು ಹೇಳಿತು.

ಆ ಸಾಲಿ ಮುಂದೆ ಎಷ್ಟೋ ವರ್ಷ ನಡೆಯಿತು. ಪರದೆ ಈಗ ನನ್ನ ಟ್ರಂಕಿನಲ್ಲಿ ಬೇವಿನ ಎಲೆಯ ನಡುವೆ ಇದೆ. ಅದರ ಒಂದು ಹೊಲಿಗೆಯನ್ನೂ ಅವರು ಬಿಚ್ಚಲು ಬಿಡಲಿಲ್ಲ. ಸಂಕ್ರಮಣದ ಮಾತನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಮರುದಿನ ಸಂಜೆಯಿಂದ ನನ್ನನ್ನು ಕರೆದೊಯ್ಯಲು ಕಟ್ಟೆಯ ಮೇಲೆ ಯಾರೂ ಕಾಯುತ್ತಿರಲಿಲ್ಲ. ನಾವಿಬ್ಬರೂ ಸಾಲಿಗೆ ಜೊತೆಗೇ ಹೋಗುತ್ತಿದ್ದೆವು, ಜೊತೆಗೇ ಬರುತ್ತಿದ್ದೆವು.